ಹೊಸ ಪುಸ್ತಕ, ಹೊಸ ಮಾಸ್ತರು, ಅದೇ ಜೂನ್

ಪ್ರಶ್ನೆ: ಮಗಳು ಕೇರಳದ ಕಾಸರಗೋಡು ಜಿಲ್ಲೆಯ ಸರಕಾರಿ ಪ್ರೌಢಶಾಲೆಯ ಕನ್ನಡ ಮಾಧ್ಯಮ ವಿಭಾಗದಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಎಂಟನೆಯಲ್ಲಿ ಗಣಿತಕ್ಕೆ ದಿನವೇತನದ ಇಬ್ಬರು ಬಂದು ಹೋದರು. ಈ ವರ್ಷ ಖಾಯಂ ಅಧ್ಯಾಪಕರು ಬಂದಿದ್ದಾರೆ, ಆದರೆ ಅವರಿಗೆ ಕನ್ನಡ ಬಾರದು. ಮಲಯಾಳದಲ್ಲಿ ಒಂದಿಷ್ಟು ಹೇಳಿ ಲೆಕ್ಕವನ್ನು ಹಲಗೆಯ ಮೇಲೆ ಬರೆದುಬಿಡುತ್ತಾರಂತೆ. ಪಾಠಪುಸ್ತಕವೂ ಹೊಸದು. ನಮ್ಮ ಶಾಲೆಗಳಲ್ಲಿ ಅಧ್ಯಾಪಕರು ಏಕೆ ನಿಲ್ಲುವುದಿಲ್ಲ? ನಾವು ಯಾರನ್ನು ಕೇಳಬೇಕು?
– ಪೈವಳಿಕೆಯ ಒಬ್ಬ ತಾಯಿ

ಉತ್ತರ: ಅಧ್ಯಾಪಕರು ನಿಲ್ಲುವುದಿಲ್ಲ ಎಂಬ ದೂರು ಎಲ್ಲೆಡೆ ಇದೆ, ಆದರೆ ಕನ್ನಡ ವಿಭಾಗದ ಕಥೆ ಸ್ವಲ್ಪ ಬೇರೆ. ತೆಂಕಣ ಜಿಲ್ಲೆಗಳಿಂದ ನೇಮಕವಾಗಿ ಬಂದವರು ವರ್ಗಾವಣೆ ಸಿಕ್ಕಿದೊಡನೆ ಹೊರಡುವುದು ಕಾಸರಗೋಡಿನ ಮಲಯಾಳ ವಿಭಾಗಗಳ ತೊಂದರೆ. ಕನ್ನಡ ಮಾಧ್ಯಮದ ಹುದ್ದೆಗಳಿರುವುದೇ ಹೆಚ್ಚುಕಡಿಮೆ ಈ ಒಂದು ಜಿಲ್ಲೆಯಲ್ಲಿ. ಕನ್ನಡ ಬಲ್ಲ ಖಾಯಂ ಅಧ್ಯಾಪಕ ಒಮ್ಮೆ ಬಂದರೆ ಸಾಮಾನ್ಯವಾಗಿ ನಿವೃತ್ತಿಯವರೆಗೂ ಇಲ್ಲೇ ಇರುತ್ತಾನೆ. ನಮ್ಮಲ್ಲಿ ತಡವಾಗುವುದು ಅಂಥವನು ಬರುವುದು. ಆ ನಡುವಿನ ಕಾಲವನ್ನು ದಿನವೇತನದವರು ತುಂಬುತ್ತಾರೆ. ಇಂದು ಸಂದರ್ಶನ, ನಾಳೆ ಪಾಠ; ಮಂಗಳೂರಿನಲ್ಲಿ ತಿಂಗಳ ಸಂಬಳದ ಕೆಲಸ ಸಿಕ್ಕರೆ ನಾಡಿದ್ದು ರಾಜೀನಾಮೆ. ಅವರನ್ನು ದೂರಿ ಫಲವಿಲ್ಲ.

ನನಗೆ ಸಿಟ್ಟು ಬರುವುದು ಬೇರೊಂದಕ್ಕೆ. ನಿವೃತ್ತಿಯ ದಿನ ಕೆಲಸಕ್ಕೆ ಸೇರಿದಂದೇ ಸೇವಾಪುಸ್ತಕದಲ್ಲಿ ದಾಖಲಾಗಿರುತ್ತದೆ. ಕೇರಳದಲ್ಲಿ ಶಾಲೆ ಜೂನ್ ಆರಂಭದಲ್ಲಿ ತೆರೆಯುತ್ತದೆ. ಬಹಳಷ್ಟು ಮಂದಿ ನಿವೃತ್ತರಾಗುವುದು ಅದರ ಹಿಂದಿನ ದಿನಗಳಲ್ಲಿ, ಮೇ 31ಕ್ಕೆ. ಯಾವ ಶಾಲೆಯ ಗಣಿತದ ಕುರ್ಚಿ ಯಾವ ವರ್ಷ ಖಾಲಿಯಾಗುತ್ತದೆ ಎಂಬುದು ಇಲಾಖೆಗೆ ವರ್ಷಗಳ ಮೊದಲೇ ಗೊತ್ತು. ಹಾಗಿದ್ದೂ ಪ್ರತಿ ಜೂನ್‌ನಲ್ಲಿ ಅದು ಹಠಾತ್ತನೆ ಬಂದ ನೆರೆಯಂತೆ ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ. ತೆರವಾದ ಹುದ್ದೆ ಕೇರಳ ಲೋಕಸೇವಾ ಆಯೋಗಕ್ಕೆ, ಅಂದರೆ ಪಿಎಸ್‌ಸಿಗೆ ವರದಿಯಾಗಬೇಕು, ಚಾಲ್ತಿಯಲ್ಲಿ ರ‍್ಯಾಂಕ್ ಪಟ್ಟಿ ಇರಬೇಕು, ಇಲ್ಲವಾದರೆ ಅಧಿಸೂಚನೆ, ಪರೀಕ್ಷೆ, ಹೊಸ ಪಟ್ಟಿ. ಈ ಸರಪಳಿಯ ಒಂದು ಕೊಂಡಿ ಜಾರಿದರೆ ಮಕ್ಕಳ ಒಂದೆರಡು ವರ್ಷ ಹೋಯಿತೆಂದೇ ಲೆಕ್ಕ.

ಇದಕ್ಕೆ ಪಠ್ಯ ಬದಲಾವಣೆ ಸೇರಿಕೊಂಡಿದೆ. 2023ರ ಪಠ್ಯಕ್ರಮ ಚೌಕಟ್ಟಿನ ಪ್ರಕಾರ ಹೊಸ ಪುಸ್ತಕಗಳು 2024-25ರಲ್ಲಿ 1, 3, 5, 7, 9ನೆಯ ತರಗತಿಗಳಿಗೂ 2025-26ರಲ್ಲಿ 2, 4, 6, 8, 10ನೆಯ ತರಗತಿಗಳಿಗೂ ಬಂದವು. ಹೊಸ ಪುಸ್ತಕವನ್ನು ಕಲಿಸುವ ಬಗೆಗೆ ಅಧ್ಯಾಪಕರಿಗೆ ರಜಾಕಾಲದ ತರಬೇತಿ ನಡೆಯುವುದು ಮೇ ತಿಂಗಳಲ್ಲಿ. ದಿನವೇತನದ ಸಂದರ್ಶನ ನಡೆಯುವುದು ಸಾಮಾನ್ಯವಾಗಿ ಶಾಲೆ ತೆರೆಯುವ ಹೊತ್ತಿಗೆ. ಹೀಗೆ ತರಬೇತಿ ಮುಗಿದ ಮೇಲೆ ಬಂದವರ ಕೈಗೆ ಪುಸ್ತಕ ಸಿಗುತ್ತದೆ, ಅದರ ಹಿಂದಿನ ಆಲೋಚನೆ ಸಿಗುವುದಿಲ್ಲ. ಚಟುವಟಿಕೆ ಮಾಡಿಸಿ, ಮಕ್ಕಳಿಂದಲೇ ಸೂತ್ರ ಹೊರಡಿಸಬೇಕೆಂದು ಬರೆದ ಪಾಠವನ್ನು ಅವರು ಹಳೆಯ ರೀತಿಯಲ್ಲಿ ಓದಿಸಿ ಬರೆಯಿಸುತ್ತಾರೆ. ಹೊಸ ಪುಸ್ತಕ ಚೆನ್ನಾಗಿಲ್ಲ ಎಂಬ ದೂರುಗಳಲ್ಲಿ ಒಂದು ಪಾಲು ಇಲ್ಲಿ ಹುಟ್ಟುತ್ತದೆ ಎಂದು ನನ್ನ ಅನುಮಾನ.

ಕನ್ನಡ ಬಾರದ ಅಧ್ಯಾಪಕರ ವಿಷಯ ಹೊಸತಲ್ಲ. ಜಿಲ್ಲೆಯಲ್ಲಿ ಇಂಥ ನೇಮಕಗಳ ವಿರುದ್ಧ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದುಂಟು, ಪ್ರಕರಣಗಳು ಹೈಕೋರ್ಟಿನವರೆಗೆ ಹೋದದ್ದುಂಟು. ಭಾಷೆ ಕಲಿತು ಬರಲೆಂದು ಮೈಸೂರಿಗೆ ಕಳುಹಿಸುವ ಪರಿಹಾರವೂ ಇದೆ; ಅಲ್ಲಿ ಭಾರತೀಯ ಭಾಷಾ ಸಂಸ್ಥಾನದ ಪ್ರಾದೇಶಿಕ ಕೇಂದ್ರದಲ್ಲಿ ಅಧ್ಯಾಪಕರಿಗೆ ಹತ್ತು ತಿಂಗಳ ಭಾಷಾ ತರಬೇತಿ ನಡೆಯುತ್ತದೆ. ಅಧ್ಯಾಪಕರಿಗೆ ಅದು ಒಳ್ಳೆಯದೇ. ನಿಮ್ಮ ಮಗಳಿಗೆ? ಆ ಹತ್ತು ತಿಂಗಳು ಮತ್ತೊಬ್ಬ ದಿನವೇತನದವರು. ಅಷ್ಟರಲ್ಲಿ ಒಂಬತ್ತನೆಯ ತರಗತಿ ಮುಗಿದಿರುತ್ತದೆ. ಎಂಟನೆಯ ತರಗತಿಯಲ್ಲಿ 2024-25ರಿಂದ ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಶೇ. 30 ಕನಿಷ್ಠ ಅಂಕದ ನಿಯಮ ಬಂದು, ಅದು ಮೇಲಿನ ತರಗತಿಗಳಿಗೂ ಹಬ್ಬುತ್ತಿರುವಾಗ ಈ ನಷ್ಟ ಹಿಂದಿನಷ್ಟು ಸಣ್ಣದಲ್ಲ.

ಇನ್ನು ಕೇಳುವ ದಾರಿ. ಮುಖ್ಯೋಪಾಧ್ಯಾಯರ ಮೇಲೆ ಹರಿಹಾಯಬೇಡಿ, ನೇಮಕ ಅವರ ಕೈಯಲ್ಲಿಲ್ಲ. ಆ ಅಧ್ಯಾಪಕರನ್ನೂ ಶತ್ರುವಾಗಿಸಬೇಡಿ. ಪಟ್ಟಿಯಲ್ಲಿ ಹೆಸರು ಬಂತು, ಆದೇಶ ಬಂತು, ಅವರು ಬಂದರು. ರಕ್ಷಕ ಶಿಕ್ಷಕ ಸಂಘದ ಸಭೆ ಕರೆದು ನಿರ್ಣಯ ಬರೆಯಿಸಿ, ಅದರ ಪ್ರತಿಯನ್ನು ಜಿಲ್ಲಾ ಶಿಕ್ಷಣ ಉಪನಿರ್ದೇಶಕರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರು ಕಚೇರಿಯ ಮೆಟ್ಟಿಲಲ್ಲೇ ಉಳಿಯುತ್ತದೆ. ಜೊತೆಗೆ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಈ ಹುದ್ದೆ ಯಾವ ದಿನ ತೆರವಾಯಿತು, ಯಾವ ದಿನ ಪಿಎಸ್‌ಸಿಗೆ ವರದಿಯಾಯಿತು? ಈ ಎರಡು ತಾರೀಖುಗಳ ನಡುವಿನ ಅಂತರ ಹತ್ತು ಭಾಷಣಗಳಿಗಿಂತ ಹೆಚ್ಚು ಹೇಳುತ್ತದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು.

ಮನವಿಯಲ್ಲಿ ಎರಡು ಆಧಾರ ಕಾಣಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೆಯ ಕಲಮಿನಂತೆ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಖಾಲಿ ಹುದ್ದೆ ಮಂಜೂರಾದುದರ ಶೇ. 10 ಮೀರಬಾರದು. ಬೋಧನೆ ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು 29ನೆಯ ಕಲಮು ಹೇಳುತ್ತದೆ. ಆ ಕಾಯ್ದೆ ಎಂಟನೆಯ ತರಗತಿಯವರೆಗಿನದು, ಆದ್ದರಿಂದ ಎಂಟನೆಯಲ್ಲಿರುವ ಮಗುವಿನ ಹೆತ್ತವರೂ ಸಹಿ ಹಾಕಿದರೆ ಬಲ ಹೆಚ್ಚು. ಮಾತೃಭಾಷೆಯಲ್ಲಿ ಬೋಧನೆಯ ಸೌಲಭ್ಯ ಕುರಿತ ಸಂವಿಧಾನದ 350ಎ ವಿಧಿಯನ್ನು ನಮ್ಮಲ್ಲಿ ಎಲ್ಲ ಮನವಿಗಳಲ್ಲೂ ಉಲ್ಲೇಖಿಸುತ್ತಾರೆ. ಅದು ಪ್ರಾಥಮಿಕ ಹಂತಕ್ಕಷ್ಟೇ ಸಂಬಂಧಿಸಿದ್ದು; ಪ್ರೌಢಶಾಲೆಯ ಮನವಿಯಲ್ಲಿ ಅದನ್ನೇ ನೆಚ್ಚಿದರೆ ಅಧಿಕಾರಿಗೆ ತಳ್ಳಿಹಾಕಲು ಸುಲಭ. ಭಾಷಾ ಅಲ್ಪಸಂಖ್ಯಾತರಿಗಾಗಿ 350ಬಿ ವಿಧಿಯನ್ವಯ ನೇಮಕವಾಗುವ ವಿಶೇಷ ಅಧಿಕಾರಿಗೂ ಒಂದು ಪ್ರತಿ ಹೋಗಲಿ.

ಪ್ರಶ್ನೆ: ಅನುದಾನಿತ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೇನೆ. ಕನ್ನಡದ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನನ್ನ ಹುದ್ದೆ ಉಳಿಯುತ್ತದೆಯೇ?
– ಪೆರ್ಲದ ಒಬ್ಬ ಅಧ್ಯಾಪಿಕೆ

ಉತ್ತರ: ಜೂನ್‌ನ ಆರನೆಯ ಅಧ್ಯಯನ ದಿನದ ತಲೆಯೆಣಿಕೆಯ ಮೇಲೆ ಹುದ್ದೆ ನಿರ್ಧಾರವಾಗುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿರುವಾಗ ಮಕ್ಕಳನ್ನು ಹುಡುಕಿ ಮನೆ ಮನೆ ಹತ್ತುವುದು ಮೇ ತಿಂಗಳ ಕೊನೆಯ ವಾರದಲ್ಲಿ ಆದರೆ ತಡವಾಯಿತು. ಆಂಗ್ಲ ಮಾಧ್ಯಮದ ಶಾಲೆಗಳು ಅಷ್ಟರೊಳಗೆ ಶುಲ್ಕ ಕಟ್ಟಿಸಿಕೊಂಡಿರುತ್ತವೆ. ಡಿಸೆಂಬರ್‌ನಲ್ಲಿ ಅಂಗನವಾಡಿಗೆ ಹೋಗಿ ಹೆಸರು ಬರೆದುಕೊಳ್ಳಿ. ಐದನೆಯವರೆಗಿನ ತರಗತಿಗಳಲ್ಲಿ 60 ಮಕ್ಕಳವರೆಗೆ ಕನಿಷ್ಠ ಇಬ್ಬರು ಅಧ್ಯಾಪಕರಿರಬೇಕೆಂಬ ಮಾನದಂಡ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ, ಅದನ್ನೂ ನೆನಪಿನಲ್ಲಿಡಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ, ಗಣಿತದಲ್ಲಿ ಬಿ.ಎಡ್. ಮುಗಿಸಿದ್ದೇನೆ. ಮಂಗಳೂರಿನ ಖಾಸಗಿ ಶಾಲೆ ಕರೆಯುತ್ತಿದೆ. ಇಲ್ಲಿ ಕಾಯುವುದರಲ್ಲಿ ಅರ್ಥವಿದೆಯೇ?
– ಬದಿಯಡ್ಕದ ಯುವಕ

ಉತ್ತರ: ಮಂಗಳೂರಿಗೆ ಹೋಗಿ, ಹೊಟ್ಟೆಪಾಡು ನಡೆಯಬೇಕು. ಆದರೆ ಹೋಗುವ ಮೊದಲು ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆ-ಟೆಟ್‌ನ ಮೂರನೆಯ ವಿಭಾಗಕ್ಕೆ (ಪ್ರೌಢಶಾಲೆಯದು) ಅರ್ಜಿ ಹಾಕಿ. ಪಿಎಸ್‌ಸಿಯ ಒಂದು ಬಾರಿಯ ನೋಂದಣಿಯನ್ನೂ ಇಂದೇ ಮುಗಿಸಿ. ಕನ್ನಡ ಮಾಧ್ಯಮ ಗಣಿತದ ಅಧಿಸೂಚನೆ ಪದೇಪದೇ ಬರುವುದಿಲ್ಲ. ಬಂದಾಗ ಕೆ-ಟೆಟ್ ಇಲ್ಲದ ಕಾರಣಕ್ಕೆ ಹೊರಗುಳಿದರೆ, ಪೈವಳಿಕೆಯ ಆ ತಾಯಿ ಇನ್ನೂ ಮೂರು ವರ್ಷ ಪತ್ರ ಬರೆಯುತ್ತಿರಬೇಕಾಗುತ್ತದೆ.