ಕಾಸರಗೋಡಿನಲ್ಲಿ ಹಳೆ ಮನೆ ಕೊಳ್ಳುವ ಮೊದಲು ಮೇಸ್ತ್ರಿ ನೋಡಿ ಹೇಳಿದರೆ ಸಾಕೇ?

ಸಾಲದು. ರಿಪೇರಿ ಕೆಲಸ ಸಿಗಬೇಕಾದವರೇ ದೋಷ ಹುಡುಕಿದರೆ ವರದಿಯನ್ನು ನಂಬುವುದು ಕಷ್ಟ. ಅಮೆರಿಕದಲ್ಲಿ 1976ರಲ್ಲಿ ಶುರುವಾದ ಮನೆ ತಪಾಸಕರ ಸಂಘ ‘ಆಶಿ’ಯ ನೀತಿಸಂಹಿತೆಯಂತೂ, ತಪಾಸಣೆ ಮಾಡಿದವರು ಒಂದು ವರ್ಷ ಆ ಮನೆಯ ರಿಪೇರಿಗೆ ದುಡ್ಡು ಪಡೆಯಬಾರದು ಎನ್ನುತ್ತದೆ. ನಮ್ಮಲ್ಲಿ ಮನೆ ತಪಾಸಣೆಗೆಂದೇ ಲೈಸೆನ್ಸ್ ಇಲ್ಲ. ಹಾಗಾಗಿ ರಿಪೇರಿ ವಹಿಸಿಕೊಳ್ಳದ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಯಿರಿ.

ಸಾಧ್ಯವಾದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲೇ ತೋರಿಸಿ. ನಮ್ಮ ಗೋಡೆಗಳ ಮುರಕಲ್ಲು (ಜಂಬಿಟ್ಟಿಗೆ) ನೀರು ಕುಡಿಯುವ ಕಲ್ಲು. ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ ಏನನ್ನೂ ಹೇಳುವುದಿಲ್ಲ. ಮಾಡಿಗೂ (ಛಾವಣಿಗೂ) ಹತ್ತಿ ನೋಡಬೇಕು. ಕುಂಬಳೆಯ ಹತ್ತಿರ ನಾವು ನೋಡಿದ ಮನೆಯಲ್ಲಿ, ಗೋಡೆಗೆ ತಾಗುವ ಪಕ್ಕಾಸಿಗೆ, ಅಂದರೆ ಮಾಡು ಹೊರುವ ಓರೆ ಮರಕ್ಕೆ, ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಒಳಹೋಯಿತು. ಮೇಲೆ ಹೊಸ ಬಣ್ಣ, ಒಳಗೆಲ್ಲ ಒರಲೆಯ ಮಣ್ಣು!