ಮೊದಲ ಹತ್ತು ನಿಮಿಷ ಬೇಡ ಅಂದವರು

ನಾನು ಆಪ್ತಸಲಹೆಗಾರ್ತಿ. ಇದು ನನ್ನ ಬಳಿ ಬಂದವರೊಬ್ಬರ ಕಥೆ, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಇದೇ ಥರದವರು ನನ್ನ ಬಳಿ ಮತ್ತೆ ಮತ್ತೆ ಬರುತ್ತಿರುವುದರಿಂದ ಬರೆಯಬೇಕು ಅನ್ನಿಸಿತು.

ಅವರಿಗೆ ನಲವತ್ತು ದಾಟಿತ್ತು. ಕಾಲೇಜಿನಲ್ಲಿ ಒಳ್ಳೆಯ ಓಟಗಾರ. ಆಮೇಲೆ ಕೆಲಸ, ಸಂಸಾರ, ದಿನವಿಡೀ ಕುರ್ಚಿ. "ನನಗೆ ಮನಸ್ಸು ಗಟ್ಟಿ ಇಲ್ಲ ಮೇಡಂ, ಹಿಡಿದಿದ್ದನ್ನೆಲ್ಲ ಅರ್ಧಕ್ಕೇ ಬಿಡ್ತೀನಿ" ಅನ್ನುತ್ತಾ ಬಂದರು. ಕೇಳುತ್ತಾ ಹೋದರೆ, ಬಿಟ್ಟಿದ್ದು ವ್ಯಾಯಾಮ ಒಂದನ್ನೇ. ಬೆಳಿಗ್ಗೆ ಶೂ ಕಟ್ಟಿಕೊಂಡವರೇ ಜೋರಾಗಿ ಓಡುವುದು. ಕೆಲವೇ ದಿನಗಳಲ್ಲಿ ಮೀನಖಂಡ ಹಿಡಿದುಕೊಳ್ಳುವುದು. ನೋವು ವಾಸಿಯಾದ ಮೇಲೂ ಹೋಗದೆ ಕೂತು, ತಮ್ಮನ್ನೇ ಬೈದುಕೊಳ್ಳುವುದು.

ವಾರ್ಮ್ ಅಪ್, ಅಂದರೆ ಓಟಕ್ಕೆ ಮೊದಲು ಹತ್ತು ನಿಮಿಷ ಮೈ ಸಜ್ಜು ಮಾಡಿಕೊಳ್ಳುವುದು, ಮಾಡ್ತೀರಾ ಅಂತ ಕೇಳಿದೆ. "ಅದಕ್ಕೆಲ್ಲ ಟೈಮ್ ಎಲ್ಲಿ ಮೇಡಂ?" ಅಂದರು. ಮುಕ್ಕಾಲು ಗಂಟೆ ಓಡುವವರಿಗೆ ಹತ್ತು ನಿಮಿಷ ಸಿಗುವುದಿಲ್ಲವೇ? ಎದ್ದು ನಿಂತು, ತೋಳು ತಿರುಗಿಸಿ, ಮಂಡಿ ಎತ್ತಿ ನಿಧಾನಕ್ಕೆ ಮಾಡಿ ತೋರಿಸಿ ಅಂದೆ. ಕೈ ಮೇಲೆತ್ತಿದರು. ತೋಳು ಕಿವಿಯ ಪಕ್ಕಕ್ಕೆ ಬರುವ ಮೊದಲೇ ನಿಂತುಬಿಟ್ಟಿತು. ಮಂಡಿ ಸೊಂಟದ ಮಟ್ಟಕ್ಕೆ ಏರಲಿಲ್ಲ. ವಾಲಿದರು, ಗೋಡೆ ಹಿಡಿದುಕೊಂಡರು. ಸುಮ್ಮನೆ ಬಂದು ಕೂತರು. ಸ್ವಲ್ಪ ಹೊತ್ತಾದ ಮೇಲೆ ಅಂದರು: "ಓಡುವಾಗ ಇದೆಲ್ಲ ಗೊತ್ತಾಗಲ್ಲ ಮೇಡಂ. ನಿಧಾನಕ್ಕೆ ಮಾಡಿದಾಗಲೇ ಗೊತ್ತಾಗೋದು, ನಾನು ಮೊದಲಿನ ಹಾಗಿಲ್ಲ ಅಂತ."

ಟೈಮ್ ಇಲ್ಲ ಅನ್ನುವ ಮಾತಿನ ಹಿಂದೆ ಇದು ಅಡಗಿತ್ತು. ಇಪ್ಪತ್ತರ ಮೈ ಹಾಗೇ ಇದೆ ಅಂದುಕೊಂಡು ಅವರು ಓಡುತ್ತಿದ್ದರು. ಹಾಗಲ್ಲ ಅಂತ ಹೇಳಬಹುದಾದ ಹತ್ತು ನಿಮಿಷವನ್ನೇ ತಪ್ಪಿಸಿಕೊಳ್ಳುತ್ತಿದ್ದರು.

ಓಟದ ವೇಗವೇ ಫಿಟ್‌ನೆಸ್ ಅನ್ನುವುದು ಅವರ ನಂಬಿಕೆ. ನಾನು ಒಂದೊಂದಾಗಿ ಬಿಡಿಸಿ ಹೇಳಿದೆ. ಹೃದಯ ಮತ್ತು ಶ್ವಾಸಕೋಶದ ತಾಳಿಕೆ ಒಂದು. ಸ್ನಾಯುಗಳ ಬಲ ಇನ್ನೊಂದು. ಅದೇ ಸ್ನಾಯುಗಳು ಎಷ್ಟು ಹೊತ್ತು ದಣಿಯದೆ ದುಡಿಯುತ್ತವೆ ಅನ್ನುವುದು ಬೇರೆ. ಮೈ ಎಷ್ಟು ಬಾಗುತ್ತದೆ, ದೇಹದಲ್ಲಿ ಕೊಬ್ಬು ಎಷ್ಟಿದೆ ಅನ್ನುವುದೂ ಸೇರಿ ಐದು. ಒಂದು ಕುಗ್ಗಿತು ಅಂದಮಾತ್ರಕ್ಕೆ ಎಲ್ಲವೂ ಹೋಯಿತು ಅಂತಲ್ಲ. ಇವರು ಏದುಸಿರಿಲ್ಲದೆ ಮೆಟ್ಟಿಲು ಹತ್ತುತ್ತಿದ್ದರು, ಕೈ ಊರದೆ ಕುರ್ಚಿಯಿಂದ ಏಳುತ್ತಿದ್ದರು. ಬಿಗಿದುಕೊಂಡಿದ್ದು ಭುಜ, ಸೊಂಟ, ಮೀನಖಂಡ. ಅಭ್ಯಾಸ ಮಾಡಿದರೆ ಅವು ಸಡಿಲವಾಗುತ್ತವೆ.

ನನ್ನ ಸಲಹೆ ಅವರಿಗೆ ಹಿಡಿಸಲಿಲ್ಲ. ಎರಡು ವಾರ ಓಡಲೇಬೇಡಿ, ವಾರ್ಮ್ ಅಪ್ ಮಾಡಿ ಮನೆಗೆ ಹೋಗಿ ಅಂದೆ. ಐದು ನಿಮಿಷ ನಡಿಗೆ, ಬರಬರುತ್ತಾ ಚುರುಕಾಗಿ. ಆಮೇಲೆ ತೋಳು ತಿರುಗಿಸುವುದು, ಕಾಲು ಹಿಂದೆ ಮುಂದೆ ಬೀಸುವುದು, ಮಂಡಿ ಎತ್ತಿ ನಡೆಯುವುದು. ಸ್ನಾಯುಗಳಿಗೆ ರಕ್ತ ಜಾಸ್ತಿ ಹರಿದು ಅವು ಬಿಸಿಯಾಗುತ್ತವೆ, ಎದೆಬಡಿತ ಒಮ್ಮೆಲೇ ಜಿಗಿಯದೆ ಮೆಲ್ಲಗೆ ಏರುತ್ತದೆ. ಒಂದೇ ಭಂಗಿಯಲ್ಲಿ ನಿಂತು ಎಳೆಯುವ ಸ್ಟ್ರೆಚಿಂಗ್ ಕೊನೆಗಿರಲಿ. ಓಟಕ್ಕೆ ಮೊದಲು ಒಂದು ನಿಮಿಷಕ್ಕಿಂತ ಜಾಸ್ತಿ ಹಾಗೆ ಎಳೆದು ಹಿಡಿದರೆ ಸ್ನಾಯುವಿನ ಕಸುವು ತುಸು ತಗ್ಗುತ್ತದೆ.

ಇದು ಕೋಚ್ ಹೇಳುವ ಮಾತು, ಆಪ್ತಸಲಹೆಗಾರರಿಗೆ ಯಾಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಈ ಚಲನೆಗಳನ್ನು ಆ ಓಟಗಾರರ ಫಿಸಿಯೋಥೆರಪಿಸ್ಟ್ ಒಪ್ಪಿದ ಮೇಲೇ ನಾನು ಹೇಳಿದ್ದು. ಓಡಬೇಡಿ ಅನ್ನುವುದು ಮಾತ್ರ ಅವರ ಮನಸ್ಸಿಗೆ ಕೊಟ್ಟ ಸಲಹೆ. ಅರ್ಧಕ್ಕೇ ಬಿಡುವವನು ಅಂತ ವರ್ಷಗಟ್ಟಲೆ ತನ್ನನ್ನೇ ಹಳಿದುಕೊಂಡವರಿಗೆ ಪೂರ್ತಿ ಮಾಡಿ ಮುಗಿಸಬಹುದಾದ ಕೆಲಸ ಬೇಕು. ಈ ಮಾತಿಗೆ ನಾನು ಈಗಲೂ ಬದ್ಧಳು.

ಮೊದಲ ವಾರ ಅವರಿಗೆ ನಾಚಿಕೆಯೇ ಜಾಸ್ತಿ. "ಪಕ್ಕದಲ್ಲಿ ಹುಡುಗರು ಓಡ್ತಿರ್ತಾರೆ, ನಾನು ಕೈ ತಿರುಗಿಸ್ತಾ ನಿಂತಿರ್ತೀನಿ" ಅಂದರು. ಆದರೂ ಬಿಡಲಿಲ್ಲ. ಈಗ ಸ್ವಲ್ಪ ನಡೆದು ಸ್ವಲ್ಪ ಓಡುತ್ತಾರೆ. ಹಳೆಯ ಟೈಮಿಂಗ್ ಬರೆದಿಟ್ಟಿದ್ದ ಡೈರಿಯನ್ನು ಎತ್ತಿಟ್ಟಿದ್ದಾರಂತೆ.

ಹತ್ತು ನಿಮಿಷದಿಂದ ಏನಾಗುತ್ತೆ ಅನ್ನುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆ, ಜೊತೆಗೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಚುರುಕು ನಡಿಗೆಯೂ ಈ ಲೆಕ್ಕಕ್ಕೆ ಸೇರುತ್ತದೆ, ಬಿಡಿಬಿಡಿಯಾಗಿ ಮಾಡಿದರೂ ಸರಿ. ಬಹಳ ವರ್ಷ ಬಿಟ್ಟು ಶುರು ಮಾಡುವವರು, ಬಿಪಿ ಅಥವಾ ಶುಗರ್ ಇರುವವರು ಮೊದಲು ವೈದ್ಯರನ್ನು ಕಾಣಿ. ವಾರ್ಮ್ ಅಪ್ ಹೊತ್ತಿನಲ್ಲೇ ಎದೆ ಹಿಡಿದಂತಾದರೆ, ತಲೆ ಸುತ್ತಿದರೆ, ಆ ದಿನದ ಓಟ ಬಿಟ್ಟು ನೇರ ಆಸ್ಪತ್ರೆಗೆ ಹೋಗಿ.