ರೈತ ಓಕೆ ಒತ್ತಿದ, ಬೀಗರು ಒತ್ತಿದ್ರಾ?

ಪ್ರಶ್ನೆ: ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೇನೆ. ಬ್ಯಾಡಗಿ ಮೆಣಸಿನಕಾಯಿ ದರ ತೋರಿಸುವ ಆ್ಯಪ್ ಮಾಡುತ್ತಿದ್ದೇವೆ. ರೈತರ ಫೋನಿನಲ್ಲಿರುವ ಕಾಂಟ್ಯಾಕ್ಟ್ ಎಲ್ಲ ಬೇಕು ಅಂತ ಕ್ಲೈಂಟ್ ಪಟ್ಟು ಹಿಡಿದಿದ್ದಾರೆ, ಮುಂದೆ ಬೀಜ, ಗೊಬ್ಬರ ಮಾರೋಕೆ. ಟೆಸ್ಟಿಂಗ್ ಮಾಡುವ ಹುಡುಗಿ ಇದು ತಪ್ಪು ಅಂತ ಬಗ್ (ಆ್ಯಪ್‌ನ ದೋಷದ ದೂರು) ಹಾಕಿದ್ದಾಳೆ. ಬಾಸ್ ಮಾತ್ರ "ಯಾರು ಓದ್ತಾರೆ, ಎಲ್ಲರೂ ಓಕೆ ಒತ್ತುತ್ತಾರೆ, ಕಾನೂನೂ ಇನ್ನೂ ಪೂರ್ತಿ ಜಾರಿಯಾಗಿಲ್ಲ" ಅನ್ನುತ್ತಾರೆ. ಮನೆ ಸಾಲದ ಕಂತು ಬೇರೆ ಇದೆ. ಏನು ಮಾಡಲಿ?
– ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಆ ಹುಡುಗಿ ಹೇಳಿದ್ದೇ ಸರಿ. ದರ ನೋಡೋಕೆ ಬಂದ ರೈತನ ಮಗಳ ನಂಬರು, ಬೀಗರ ನಂಬರು, ಊರ ಡಾಕ್ಟರ ನಂಬರು ನಿಮ್ಮ ಕ್ಲೈಂಟಿಗೆ ಯಾಕ್ರೀ? ರೈತ ಓಕೆ ಒತ್ತಿದ ಅಂತಲೇ ಇಟ್ಟುಕೊಳ್ಳಿ, ಆ ಬೀಗರನ್ನು ಯಾರೂ ಕೇಳಿಲ್ಲವಲ್ಲ. (ಬರೀ ಟಾರ್ಚ್ ಆ್ಯಪ್‌ಗೆ ನಾನೂ ಒಮ್ಮೆ ಕಣ್ಣು ಮುಚ್ಚಿ ಓಕೆ ಒತ್ತಿದವನೇ, ದೊಡ್ಡ ಸಾಚಾ ಏನಲ್ಲ.)

ಬಾಸ್ ಮಾತಿನಲ್ಲಿ ಅರ್ಧ ನಿಜ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯ ಕಟ್ಟಳೆಗಳಿಗೆ 18 ತಿಂಗಳ ಗಡುವಿದೆ. ಆ ಗಡುವು ಕೊಟ್ಟಿರುವುದು ಸರಿಮಾಡಿಕೊಳ್ಳಲಿ ಅಂತ. ತಮಾಷೆ ಅಂದರೆ, ಕಾಯ್ದೆಯೇ ಕೊಟ್ಟ ಉದಾಹರಣೆ ನಿಮ್ಮ ಕಥೆಯಂತೆಯೇ ಇದೆ: ಫೋನಿನಲ್ಲೇ ವೈದ್ಯರ ಸಲಹೆ ಕೊಡುವ ಆ್ಯಪ್ ಕಾಂಟ್ಯಾಕ್ಟ್ ಲಿಸ್ಟ್ ಕೇಳುತ್ತದೆ, ಬಳಸುವವರು ಒಪ್ಪಿದರೂ ಆ ಒಪ್ಪಿಗೆ ನಡೆಯುವುದಿಲ್ಲ, ಯಾಕೆಂದರೆ ಆ ಕೆಲಸಕ್ಕೆ ಅದು ಬೇಕಿಲ್ಲ. ಇನ್ನು ಪಟ್ಟಿಯನ್ನು ಸರಿಯಾಗಿ ಕಾಯದೆ ಅದು ಸೋರಿಹೋದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಬಾಸ್‌ಗೆ ಈ ಅಂಕಿ ಬೇಗ ಅರ್ಥ ಆಗುತ್ತದೆ.

ಕ್ಲೈಂಟ್ ಮುಂದೆ ನೀತಿಪಾಠ ಬೇಡ. ಅವರಿಗೆ ಬೇಕಿರುವುದು ಗಿರಾಕಿ, ಅಲ್ವಾ? "ಬೀಜ, ಗೊಬ್ಬರದ ಮಾಹಿತಿ ಬೇಕಾ?" ಅಂತ ಕನ್ನಡದಲ್ಲೇ ಒಂದು ಬೇರೆ ಪ್ರಶ್ನೆ ಇಡಿ, ಹೌದು ಅಂದವರ ಸ್ವಂತ ನಂಬರು ಮಾತ್ರ ತೆಗೆದುಕೊಳ್ಳಿ, ಜೊತೆಗೆ ದರವನ್ನು ವಾಟ್ಸಾಪಿನಲ್ಲಿ ಕಳಿಸುವ ಬಟನ್ ಕೊಡಿ, ಬೇಕಾದವರು ತಾವೇ ಪಕ್ಕದ ಹೊಲದವರಿಗೆ ಕಳಿಸುತ್ತಾರೆ. ಇದಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ಲೆಕ್ಕ ಹಾಕಿ, ಮೇಲ್ ಮಾಡಿ. ಫೋನಿನಲ್ಲಿ ಹೇಳಿ ಸುಮ್ನೆ ಆಗಬೇಡಿ.

ಸಾಲದ ಕಂತು ಸಣ್ಣ ಮಾತಲ್ಲ, ನಾಳೆಯೇ ರಾಜೀನಾಮೆ ಬರೆಯಿರಿ ಅಂತ ನಾನು ಹೇಳಲ್ಲ. ಬಾಸ್ ಆಗಲೂ ಜಗ್ಗದಿದ್ದರೆ "ಸರ್, ಇದನ್ನೇ ಮೇಲ್‌ನಲ್ಲಿ ಬರೆದು ಕಳಿಸಿ" ಅನ್ನಿ. ಕಳಿಸಿಬಿಟ್ಟರೆ, ಬೇರೆ ಕೆಲಸ ಹುಡುಕೋಕೆ ಶುರು ಮಾಡಿ. ಅಲ್ಲಿವರೆಗೆ ವಾರದ ರಿಪೋರ್ಟಿನಲ್ಲಿ ಕಾಂಟ್ಯಾಕ್ಟ್ ವಿಷಯದ ಸಾಲಿಗೆ ಎಲ್ಲ ಸರಿಯಿದೆ ಅನ್ನುವ ಹಸಿರು ಬಣ್ಣ ಹಾಕಬೇಡಿ, ಆ ಹುಡುಗಿಯ ಬಗ್ ಅನ್ನೂ ಕ್ಲೋಸ್ ಮಾಡಬೇಡಿ.